ಬಾಕಿ ಬಿಲ್‌ನಿಂದ ದಿವಾಳಿ ಕೇಸ್‌ವರೆಗೆ: ಮುಂಬೈನ ಫೋರ್ಟ್‌ನಲ್ಲಿ ಜೂನಿಯರ್ ವಕೀಲರು ನೆಲೆ ಕಂಡುಕೊಳ್ಳುವುದು ಹೇಗೆ?

ಮುಂಬೈ: ಹುಬ್ಬಳ್ಳಿಯ ಸಣ್ಣ ಕಾರ್ಖಾನೆಯೊಂದು ಮುಂಬೈನ ಕಂಪನಿಗೆ ಬಿಡಿಭಾಗ ಪೂರೈಸಿದೆ ಎಂದುಕೊಳ್ಳಿ. ಬಾಕಿ 1.20 ಕೋಟಿ ರೂಪಾಯಿ. ಫೋನ್ ಮಾಡಿದಾಗಲೆಲ್ಲ 'ಮುಂದಿನ ವಾರ' ಎಂಬ ಉತ್ತರ. ಆ ಕಂಪನಿಯ ನೋಂದಾಯಿತ ಕಚೇರಿ ಮುಂಬೈನಲ್ಲಿದ್ದರೆ, ದಿವಾಳಿ ಕಾನೂನಿನಡಿ ಅರ್ಜಿ ಹಾಕಬೇಕಾದದ್ದು ಬೆಂಗಳೂರಿನಲ್ಲಲ್ಲ, ಮುಂಬೈನಲ್ಲೇ.

ಕಾರ್ಖಾನೆ ಮಾಲೀಕರ ಫೈಲ್ ಅಲ್ಲಿ ತಲುಪಿದಾಗ ಅದನ್ನು ಮೊದಲು ಬಿಡಿಸಿ ಓದುವವರು ಸಾಮಾನ್ಯವಾಗಿ ಟಿವಿಯಲ್ಲಿ ಕಾಣುವ ಹಿರಿಯ ವಕೀಲರಲ್ಲ. ಫೋರ್ಟ್‌ನ ಯಾವುದೋ ಚೇಂಬರ್‌ನ ಮೂಲೆಯ ಮೇಜಿನಲ್ಲಿ ಕೂತ ಜೂನಿಯರ್. ಆ ಜೂನಿಯರ್ ಏನು ಮಾಡುತ್ತಾರೆ? ಈ ಕ್ಷೇತ್ರಕ್ಕೆ ಬರುವುದು ಹೇಗೆ? ಬಂದವರು ಉಳಿಯುವುದು ಏಕೆ ಕಷ್ಟ? ಇಲ್ಲಿದೆ ವಿವರ.

ಫೋರ್ಟ್ ಏಕೆ?

ಬಾಂಬೆ ಹೈಕೋರ್ಟ್ ಆರಂಭವಾಗಿದ್ದು 1862ರಲ್ಲಿ. ಹೈಕೋರ್ಟ್, ಸಿಟಿ ಸಿವಿಲ್ ಕೋರ್ಟ್, ಸಾಲಿಸಿಟರ್ ಕಚೇರಿಗಳು, ವಕೀಲರ ಚೇಂಬರ್‌ಗಳು, ಬ್ಯಾಂಕ್‌ಗಳು, ಷೇರುಪೇಟೆ ಎಲ್ಲವೂ ಫೋರ್ಟ್‌ನಲ್ಲಿ ನಡೆದು ಹೋಗುವಷ್ಟು ಹತ್ತಿರದಲ್ಲಿವೆ. ಕಂಪನಿ ವ್ಯಾಜ್ಯಗಳನ್ನು ಕೇಳುವ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ, ಅಂದರೆ ಎನ್‌ಸಿಎಲ್‌ಟಿಯ ಮುಂಬೈ ಪೀಠ ಇರುವುದು ದಕ್ಷಿಣಕ್ಕೆ ಸ್ವಲ್ಪ ದೂರದ ಕಫ್ ಪರೇಡ್‌ನಲ್ಲಿ. ಹೀಗಾಗಿ ಚೇಂಬರ್ ಫೋರ್ಟ್‌ನಲ್ಲಿ, ವಾದ ಕಫ್ ಪರೇಡ್‌ನಲ್ಲಿ.

ಕನ್ನಡಿಗರಿಗೂ ಈ ಜಾಗ ಹೊಸದಲ್ಲ. 1956ರ ನವೆಂಬರ್ 1ರವರೆಗೆ ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡದ ಮೇಲ್ಮನವಿಗಳು ಬರುತ್ತಿದ್ದದ್ದು ಇಲ್ಲಿನ ಹೈಕೋರ್ಟ್‌ಗೆ. ಹೊನ್ನಾವರದಲ್ಲಿ ಹುಟ್ಟಿದ ಸರ್ ನಾರಾಯಣ ಚಂದಾವರ್ಕರ್ 1901ರಲ್ಲಿ ಇದೇ ಹೈಕೋರ್ಟ್‌ನ ನ್ಯಾಯಮೂರ್ತಿಯಾದರು.

ಸಾಲ, ದಿವಾಳಿಯ ನಂಟೂ ಇಲ್ಲಿ ಹಳೆಯದು. ಹೈಕೋರ್ಟ್ ಪಕ್ಕದ ರಾಜಾಬಾಯಿ ಗಡಿಯಾರ ಗೋಪುರಕ್ಕೆ ಹಣ ಕೊಟ್ಟವರು ಹತ್ತಿ ಮತ್ತು ಷೇರು ವ್ಯಾಪಾರಿ ಪ್ರೇಮಚಂದ್ ರಾಯ್‌ಚಂದ್. 1865ರಲ್ಲಿ ಅಮೆರಿಕದ ಅಂತರ್ಯುದ್ಧ ಮುಗಿದು ಹತ್ತಿ ಬೆಲೆ ಕುಸಿದಾಗ ಮುಂಬೈನ ಷೇರು ಭರಾಟೆ ಒಡೆಯಿತು. ಅವರ ಸಂಪತ್ತೂ ಕರಗಿತು. ಗೋಪುರ ಪೂರ್ಣಗೊಂಡಿದ್ದು 1878ರಲ್ಲಿ.

2016ರಲ್ಲಿ ಬದಲಾದದ್ದೇನು?

ಅದುವರೆಗೆ ಕಂಪನಿ ಸಾಲ ಕಟ್ಟದಿದ್ದರೆ ಹೈಕೋರ್ಟ್, ಸಾಲ ವಸೂಲಾತಿ ನ್ಯಾಯಮಂಡಳಿ ಎಂದು ಹಲವು ಕಡೆ ಅಲೆಯಬೇಕಿತ್ತು. 2016ರ ಮೇ ತಿಂಗಳಲ್ಲಿ ಸಂಸತ್ತು ದಿವಾಳಿ ಸಂಹಿತೆಯನ್ನು ಅಂಗೀಕರಿಸಿತು. ಜೂನ್ 1ರಂದು ಎನ್‌ಸಿಎಲ್‌ಟಿ ಅಸ್ತಿತ್ವಕ್ಕೆ ಬಂತು. ಕಂಪನಿಗಳ ದಿವಾಳಿ ಪ್ರಕ್ರಿಯೆಯ ನಿಯಮಗಳು ಡಿಸೆಂಬರ್ 1ರಿಂದ ಜಾರಿಯಾದವು.

ಸರಳವಾಗಿ ಹೇಳುವುದಾದರೆ ಪ್ರಕ್ರಿಯೆ ಹೀಗಿದೆ. ಬ್ಯಾಂಕ್‌ನಂಥ ಹಣಕಾಸು ಸಾಲದಾತರು ಸೆಕ್ಷನ್ 7ರಡಿ, ಸರಕು ಅಥವಾ ಸೇವೆ ಕೊಟ್ಟವರು ಸೆಕ್ಷನ್ 9ರಡಿ ಅರ್ಜಿ ಹಾಕಬಹುದು. ಅರ್ಜಿ ಅಂಗೀಕಾರವಾದರೆ ಕಂಪನಿಯ ಆಡಳಿತ ಮಾಲೀಕರ ಕೈತಪ್ಪಿ ವೃತ್ತಿಪರ ನಿರ್ವಾಹಕರ ಕೈಗೆ ಹೋಗುತ್ತದೆ. ಕಂಪನಿ ವಿರುದ್ಧದ ಉಳಿದ ವಸೂಲಿ ದಾವೆಗಳಿಗೆ ತಡೆ ಬೀಳುತ್ತದೆ. ಸಾಲದಾತರ ಸಮಿತಿ ಪುನಶ್ಚೇತನ ಯೋಜನೆಯೊಂದನ್ನು ಒಪ್ಪಬೇಕು, ಇಲ್ಲದಿದ್ದರೆ ಕಂಪನಿಯ ಆಸ್ತಿ ಮಾರಿ ಬಾಗಿಲು ಹಾಕಬೇಕು. ಇದಕ್ಕೆಲ್ಲ ಕಾನೂನು ಕೊಟ್ಟಿರುವ ಗರಿಷ್ಠ ಅವಧಿ 330 ದಿನ. ವಾಸ್ತವದಲ್ಲಿ ಹಲವು ಕೇಸ್‌ಗಳು ಇದನ್ನು ಮೀರುತ್ತವೆ. ಜೆಟ್ ಏರ್‌ವೇಸ್ ಕೇಸ್ 2019ರ ಜೂನ್‌ನಲ್ಲಿ ಮುಂಬೈ ಪೀಠದಲ್ಲಿ ಅಂಗೀಕಾರವಾಯಿತು. ಕಂಪನಿ ಮುಚ್ಚುವಂತೆ ಸುಪ್ರೀಂ ಕೋರ್ಟ್ ಆದೇಶಿಸಿದ್ದು 2024ರ ನವೆಂಬರ್ 7ರಂದು.

ಜೂನಿಯರ್‌ಗಳ ಮಟ್ಟಿಗೆ ಇಲ್ಲೊಂದು ಅನುಕೂಲವಿತ್ತು. ಕಾನೂನು ಹೊಸದು, ಹಳೆಯ ತೀರ್ಪುಗಳ ರಾಶಿ ಇರಲಿಲ್ಲ. ಮೂವತ್ತು ವರ್ಷ ವಕೀಲಿ ಮಾಡಿದವರೂ ಮೂರು ವರ್ಷದವರೂ ಒಂದೇ ದಿನ ಅದೇ ಸೆಕ್ಷನ್‌ಗಳನ್ನು ಓದಲು ಕೂತರು. ಆಸ್ತಿ ವ್ಯಾಜ್ಯದಲ್ಲೋ ಕ್ರಿಮಿನಲ್ ಕೇಸ್‌ನಲ್ಲೋ ಇಂಥ ಅವಕಾಶ ಸಿಗುವುದು ಅಪರೂಪ.

ಒಂದು ಹಳೆಯ ಪತ್ರ ಕೇಸ್ ಗೆಲ್ಲಿಸಿದ್ದು ಹೀಗೆ

ಈ ಕ್ಷೇತ್ರದಲ್ಲಿ ಮಾತಿಗಿಂತ ಕಾಗದ ಮುಖ್ಯ ಎನ್ನಲು ಮುಂಬೈ ಪೀಠದಲ್ಲೇ ಶುರುವಾದ ಕೇಸೊಂದು ಸಾಕ್ಷಿ. ಟಿವಿಯ ನೃತ್ಯ ಕಾರ್ಯಕ್ರಮವೊಂದರ ಮತದಾನಕ್ಕೆ ತಾಂತ್ರಿಕ ಸೇವೆ ಕೊಟ್ಟಿದ್ದ ಕಿರುಸಾ ಸಾಫ್ಟ್‌ವೇರ್, ಮೊಬಿಲಾಕ್ಸ್ ಇನ್ನೋವೇಷನ್ಸ್ ತನಗೆ ಬಿಲ್ ಹಣ ಕೊಟ್ಟಿಲ್ಲವೆಂದು 2016ರ ಡಿಸೆಂಬರ್‌ನಲ್ಲಿ ನೋಟಿಸ್ ಕಳಿಸಿತು. ಆದರೆ ಗೋಪ್ಯತೆಯ ಷರತ್ತು ಮುರಿದಿದ್ದೀರಿ, ಹೀಗಾಗಿ ಹಣ ತಡೆಹಿಡಿದಿದ್ದೇವೆ ಎಂದು ಮೊಬಿಲಾಕ್ಸ್ 2015ರ ಜನವರಿಯಲ್ಲೇ ಬರೆದಿತ್ತು.

ಎನ್‌ಸಿಎಲ್‌ಟಿ ಅರ್ಜಿ ತಿರಸ್ಕರಿಸಿತು. ಮೇಲ್ಮನವಿ ನ್ಯಾಯಮಂಡಳಿಯಲ್ಲಿ ಕಿರುಸಾ ಪರ ಆದೇಶ ಬಂತು. 2017ರ ಸೆಪ್ಟೆಂಬರ್ 21ರಂದು ಸುಪ್ರೀಂ ಕೋರ್ಟ್ ಮೊಬಿಲಾಕ್ಸ್ ಪರ ನಿಂತಿತು. ನೋಟಿಸ್‌ಗೆ ಮುಂಚೆಯೇ ನಿಜವಾದ ತಕರಾರು ಇದ್ದರೆ ಸೆಕ್ಷನ್ 9 ಅರ್ಜಿ ನಿಲ್ಲುವುದಿಲ್ಲ ಎಂಬುದು ತೀರ್ಪಿನ ಸಾರ. ಇಂದಿಗೂ ಪೂರೈಕೆದಾರರ ಕೇಸ್‌ಗಳಲ್ಲಿ ಮೊದಲು ನೋಡುವುದು ಇದನ್ನೇ.

ಅಂಥ ಒಂದು ಇಮೇಲ್ ಇದೆಯೇ ಎಂದು ನೂರಾರು ಪುಟಗಳಲ್ಲಿ ಹುಡುಕುವವರು ಯಾರು? ಜೂನಿಯರ್.

ಜೂನಿಯರ್ ಕಾಯಬೇಕಾದ ದಿನಾಂಕಗಳು

* ಸೆಕ್ಷನ್ 8ರ ನೋಟಿಸ್ ತಲುಪಿದ ಮೇಲೆ ಎದುರಿನ ಕಂಪನಿಗೆ ಉತ್ತರಿಸಲು 10 ದಿನ. ಅದಕ್ಕೆ ಮುಂಚೆ ಅರ್ಜಿ ಹಾಕುವಂತಿಲ್ಲ.
* ಬಾಕಿ ಉಳಿದ ದಿನದಿಂದ ಸಾಮಾನ್ಯವಾಗಿ 3 ವರ್ಷದೊಳಗೆ ಅರ್ಜಿ ಬರಬೇಕು. ಸಾಲ ಒಪ್ಪಿಕೊಂಡ ಲಿಖಿತ ದಾಖಲೆ ಇದ್ದರೆ ಅವಧಿ ಹೊಸದಾಗಿ ಎಣಿಸಬಹುದು.
* ಬಾಕಿ ಮೊತ್ತ ಕನಿಷ್ಠ 1 ಕೋಟಿ ರೂ. ಇರಬೇಕು. 2020ರ ಮಾರ್ಚ್ 24ಕ್ಕೆ ಮೊದಲು ಇದು ಕೇವಲ 1 ಲಕ್ಷ ರೂ. ಇತ್ತು.
* ಆದೇಶದ ವಿರುದ್ಧ ಮೇಲ್ಮನವಿಗೆ 30 ದಿನ. ಸೂಕ್ತ ಕಾರಣವಿದ್ದರೆ ಇನ್ನು 15 ದಿನ ಮಾತ್ರ.

ಕೊನೆಯದರಲ್ಲಿ ಎಡವಿದವರು ಹಲವರು. ಆದೇಶದ ಪ್ರತಿ ಕೈಗೆ ಬರಲಿ ಎಂದು ಕಾಯುತ್ತ ಕೂರುವಂತಿಲ್ಲ, ಆದೇಶ ಪ್ರಕಟವಾದ ದಿನದಿಂದಲೇ ಲೆಕ್ಕ ಶುರು ಎಂದು 2021ರಲ್ಲಿ ನಾಗರಾಜನ್ ಕೇಸ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ತೆರೆದ ಕೋರ್ಟ್‌ನಲ್ಲಿ ಆದೇಶ ಪ್ರಕಟಿಸದೆ ವೆಬ್‌ಸೈಟ್‌ಗೆ ಹಾಕಿದ್ದರೆ, ಹಾಕಿದ ದಿನದಿಂದ ಲೆಕ್ಕ ಎಂದು 2023ರಲ್ಲಿ ಮುಂಬೈ ಪೀಠದಿಂದ ಹೋದ ಕೇಸ್‌ನಲ್ಲಿ ಸ್ಪಷ್ಟಪಡಿಸಿತು. ಆದೇಶ ಬಂದ ದಿನವೇ ದೃಢೀಕೃತ ಪ್ರತಿಗೆ ಅರ್ಜಿ ಕೊಟ್ಟು ಬರುವ ಜೂನಿಯರ್ ಕಕ್ಷಿದಾರರ ಕೋಟ್ಯಂತರ ರೂಪಾಯಿಯನ್ನು ಕಾಯ್ದಂತೆ. ಮರೆತರೆ ಎಂಥ ಹಿರಿಯರ ವಾದವೂ ಉಪಯೋಗಕ್ಕೆ ಬಾರದು.

ಬ್ರೀಫ್ ಎಲ್ಲಿಂದ ಬರುತ್ತದೆ?

ಮುಂಬೈನಲ್ಲಿ ಹಿಂದೆ ಇಬ್ಬಗೆಯ ಪದ್ಧತಿ ಇತ್ತು. ಕಕ್ಷಿದಾರರು ಸಾಲಿಸಿಟರ್ ಬಳಿ ಹೋಗಬೇಕು, ಸಾಲಿಸಿಟರ್ ಕೇಸ್ ಸಿದ್ಧಪಡಿಸಿ ಬ್ಯಾರಿಸ್ಟರ್‌ಗೆ ಬ್ರೀಫ್ ಕೊಡಬೇಕು. 1976ರ ತಿದ್ದುಪಡಿ ಕಾನೂನಿನ ಮಟ್ಟಿಗೆ ಇದನ್ನು ಕೊನೆಗೊಳಿಸಿತು. ಫೋರ್ಟ್‌ನ ರೂಢಿಯಲ್ಲಿ ಅದು ಇನ್ನೂ ಉಸಿರಾಡುತ್ತಿದೆ. ವಾದ ಮಂಡಿಸುವ ವಕೀಲರನ್ನು ಈಗಲೂ ಕೌನ್ಸೆಲ್ ಎನ್ನುತ್ತಾರೆ. ಅವರಿಗೆ ಕೆಲಸ ಬರುವುದು ಬಹುತೇಕ ಸಾಲಿಸಿಟರ್ ಸಂಸ್ಥೆಗಳಿಂದಲೇ.

ಹಾಗಾದರೆ ಕುಂದಾಪುರದಿಂದಲೋ ಗದಗದಿಂದಲೋ ಬಂದ, ಮುಂಬೈನಲ್ಲಿ ಯಾರ ಪರಿಚಯವೂ ಇಲ್ಲದವರು ಏನು ಮಾಡಬೇಕು? ಜಾಹೀರಾತು ಕೊಡುವಂತಿಲ್ಲ. ವಕೀಲರ ಪರಿಷತ್ತಿನ ನಿಯಮ 36 ಅದನ್ನು ನಿಷೇಧಿಸುತ್ತದೆ. ವೆಬ್‌ಸೈಟ್‌ನಲ್ಲಿ ಹೆಸರು, ವಿಳಾಸ, ವಿದ್ಯಾರ್ಹತೆ, ಕೆಲಸದ ಕ್ಷೇತ್ರದಂಥ ವಿವರ ಹಾಕಲು ಮಾತ್ರ 2008ರಿಂದ ಅವಕಾಶವಿದೆ.

ಉಳಿದಿರುವುದು ಕೆಲಸವೇ. ಹಿರಿಯರಿಗಾಗಿ ಬರೆದುಕೊಟ್ಟ ಎರಡು ಪುಟದ ಟಿಪ್ಪಣಿ ಚೊಕ್ಕವಾಗಿದ್ದರೆ ಮುಂದಿನ ಬಾರಿ ಸಾಲಿಸಿಟರ್ ನೇರವಾಗಿ ಕರೆಯುತ್ತಾರೆ. ಇನ್ನೊಂದು ದಾರಿ ಲೆಕ್ಕಪರಿಶೋಧಕರದ್ದು. ಎನ್‌ಸಿಎಲ್‌ಟಿಯಲ್ಲಿ ಚಾರ್ಟರ್ಡ್ ಅಕೌಂಟೆಂಟ್, ಕಂಪನಿ ಸೆಕ್ರೆಟರಿಗಳೂ ಹಾಜರಾಗಬಹುದು. ಅವರು ಪ್ರತಿಸ್ಪರ್ಧಿಗಳೂ ಹೌದು, ಕೆಲಸ ತರುವ ಸ್ನೇಹಿತರೂ ಹೌದು. ಬ್ಯಾಲೆನ್ಸ್ ಶೀಟ್ ಓದಲು ಬರುವ ವಕೀಲರನ್ನು ಅವರು ಮರೆಯುವುದಿಲ್ಲ.

ಒಂದು ಕ್ಷೇತ್ರ ಹಿಡಿದು ಬೆಳೆದವರಿಗೆ ಕನ್ನಡದ ಉದಾಹರಣೆಯೂ ಇದೆ. ಬೆಂಗಳೂರಿನಲ್ಲಿ ಹುಟ್ಟಿದ ಬಿ.ಎನ್. ಶ್ರೀಕೃಷ್ಣ ಮುಂಬೈನಲ್ಲಿ ಕಾರ್ಮಿಕ ಕಾನೂನಿನ ವಕೀಲರಾಗಿ ಹೆಸರು ಮಾಡಿದರು. ಬಳಿಕ ಬಾಂಬೆ ಹೈಕೋರ್ಟ್, ಮುಂದೆ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾದರು.

ದುಡ್ಡಿನ ಪ್ರಶ್ನೆ

ಪ್ರತಿಭೆಗಿಂತ ದೊಡ್ಡ ಅಡ್ಡಿ ಇಲ್ಲಿದೆ. ವಕೀಲರಾಗಿ ನೋಂದಣಿಗೆ ಸಾಮಾನ್ಯ ವರ್ಗದವರಿಂದ 750 ರೂ., ಪರಿಶಿಷ್ಟ ಜಾತಿ, ಪಂಗಡದವರಿಂದ 125 ರೂ. ಮೀರಿ ಶುಲ್ಕ ಪಡೆಯುವಂತಿಲ್ಲ ಎಂದು 2024ರ ಜುಲೈ 30ರಂದು ಸುಪ್ರೀಂ ಕೋರ್ಟ್ ತೀರ್ಪು ನೀಡಿತು. ಅಂದರೆ ಬಾಗಿಲು ಅಗ್ಗವಾಯಿತು. ಒಳಗೆ ಬಂದ ಮೇಲಿನ ವರ್ಷಗಳು ಅಗ್ಗವಲ್ಲ.

ನಗರಗಳಲ್ಲಿ ಜೂನಿಯರ್‌ಗಳಿಗೆ ತಿಂಗಳಿಗೆ ಕನಿಷ್ಠ 20 ಸಾವಿರ ರೂ., ಗ್ರಾಮೀಣ ಭಾಗದಲ್ಲಿ 15 ಸಾವಿರ ರೂ. ಕೊಡಬೇಕೆಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಶಿಫಾರಸು ಮಾಡಿತು. ಇದು ಶಿಫಾರಸು ಅಷ್ಟೇ, ಕಡ್ಡಾಯವಲ್ಲ. 20 ಸಾವಿರ ಸಿಕ್ಕರೂ ಮುಂಬೈನಲ್ಲಿ ಬಾಡಿಗೆ, ಲೋಕಲ್ ರೈಲಿನ ಪಾಸ್, ಊಟ ಕಳೆದರೆ ಪುಸ್ತಕಕ್ಕೆ ಏನು ಉಳಿದೀತು? ಮನೆಯಿಂದ ಹಣ ಬರುವವರು ಕಾಯುತ್ತಾರೆ. ಮನೆಗೆ ಹಣ ಕಳಿಸಬೇಕಾದವರು ಕಂಪನಿಯ ಕಾನೂನು ವಿಭಾಗದ ಸಂಬಳದ ಕೆಲಸಕ್ಕೆ ಹೊರಳುತ್ತಾರೆ. ಎಲ್ಲರಿಗೂ ಸಮವಾಗಿ ಶುರುವಾದ ಕಾನೂನು ಕ್ಷೇತ್ರದಲ್ಲಿ ಕೊನೆಗೆ ಯಾರು ಉಳಿಯುತ್ತಾರೆ ಎಂಬುದನ್ನು ಈ ಮೊದಲ ವರ್ಷಗಳೇ ನಿರ್ಧರಿಸುತ್ತಿವೆ.

ದಿವಾಳಿ ಕೇಸ್‌ಗಳನ್ನಷ್ಟೇ ನಂಬಬಹುದೇ?

ಕಷ್ಟ. ಹೀಗಾಗಿ ಇದರ ಜೊತೆ ವಾಣಿಜ್ಯ ವ್ಯಾಜ್ಯಗಳನ್ನೂ ಜೂನಿಯರ್‌ಗಳು ಹಿಡಿಯುತ್ತಾರೆ. 2015ರ ವಾಣಿಜ್ಯ ನ್ಯಾಯಾಲಯ ಕಾಯ್ದೆಯಡಿ 2018ರಿಂದ 3 ಲಕ್ಷ ರೂ. ಮೇಲ್ಪಟ್ಟ ವ್ಯಾಜ್ಯಗಳೂ ಬರುತ್ತವೆ. ತುರ್ತು ಪರಿಹಾರ ಬೇಡದ ಕೇಸ್‌ಗಳಲ್ಲಿ ದಾವೆಗೆ ಮುಂಚೆ ಮಧ್ಯಸ್ಥಿಕೆ ಕಡ್ಡಾಯ. ಪ್ರತಿವಾದಿ 120 ದಿನದೊಳಗೆ ಲಿಖಿತ ಹೇಳಿಕೆ ಕೊಡದಿದ್ದರೆ ಆ ಹಕ್ಕೇ ಹೋಗುತ್ತದೆ. ಇಲ್ಲೂ ಮತ್ತೆ ದಿನಾಂಕದ ಕಾವಲು.

ಗಮನಿಸಬೇಕಾದ ಇನ್ನೊಂದು ಅಂಶ: ಎನ್‌ಸಿಎಲ್‌ಟಿಯ ಈ ಪ್ರಕ್ರಿಯೆ ಕಂಪನಿ ಹಾಗೂ ಎಲ್‌ಎಲ್‌ಪಿಗಳಿಗೆ. ಕಂಪನಿ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರನ್ನೂ 2019ರ ಡಿಸೆಂಬರ್ 1ರಿಂದ ಸಂಹಿತೆಯ ವ್ಯಾಪ್ತಿಗೆ ತರಲಾಗಿದೆ. ಪಾಲುದಾರಿಕೆಯ ಉಡುಪಿ ಹೋಟೆಲ್ ಅಥವಾ ಒಬ್ಬರೇ ಮಾಲೀಕರ ಅಂಗಡಿಗೆ ಇದು ಅನ್ವಯಿಸದು. ಮುಂಬೈನಲ್ಲಿ ಅವರಿಗೆ ಈಗಲೂ 1909ರ ಹಳೆಯ ದಿವಾಳಿ ಕಾಯ್ದೆಯೇ.

ಹುಬ್ಬಳ್ಳಿಯ ಮಾಲೀಕರಿಗೆ ಜೂನಿಯರ್ ಏನು ಹೇಳಬೇಕು?

ಮೊದಲಿನ ಉದಾಹರಣೆಗೆ ಬರೋಣ. 1.20 ಕೋಟಿ ಬಾಕಿ ಇದೆ, ಮೊತ್ತ ಮಿತಿ ದಾಟಿದೆ, ಸೆಕ್ಷನ್ 9ರ ಅರ್ಜಿ ಶುಲ್ಕ ಕೇವಲ 2,000 ರೂ. ಹಾಕಿಬಿಡೋಣ ಎನ್ನಬಹುದೇ?

ಒಳ್ಳೆಯ ಜೂನಿಯರ್ ಇಲ್ಲೊಂದು ಕ್ಷಣ ನಿಲ್ಲುತ್ತಾರೆ. ದಿವಾಳಿ ಸಂಹಿತೆ ವಸೂಲಿ ಸಾಧನವಲ್ಲ ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಅರ್ಜಿಯ ಬೆದರಿಕೆಗೆ ಮಣಿದು ಕಂಪನಿ ರಾಜಿಗೆ ಬಂದರೆ ಸರಿ. ಬರದೆ ಪ್ರಕ್ರಿಯೆ ಶುರುವಾದರೆ ಸಾಲದಾತರ ಸಮಿತಿಯಲ್ಲಿ ಪೂರೈಕೆದಾರರಿಗೆ ಮತವಿಲ್ಲ. ಕಂಪನಿ ಮುಚ್ಚಿದರೆ ಹಣ ಹಂಚಿಕೆಯಲ್ಲಿ ಬ್ಯಾಂಕ್, ಕಾರ್ಮಿಕರು, ಸರ್ಕಾರದ ಬಾಕಿ ಎಲ್ಲ ಮುಗಿದ ಮೇಲೆ ಅವರ ಸರದಿ.

ಕಾರ್ಖಾನೆ ಸಣ್ಣ ಉದ್ಯಮವಾಗಿ ನೋಂದಣಿಯಾಗಿದ್ದರೆ ಬೇರೆ ದಾರಿ ಇದೆ. 2006ರ ಕಾಯ್ದೆಯಡಿ 45 ದಿನ ಮೀರಿದ ಬಾಕಿಗೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳಬಹುದು. ಪೂರೈಕೆದಾರರು ಇರುವ ಕಡೆಯ ಮಂಡಳಿಗೇ ದೂರು ಕೊಡಬಹುದು. ಅಂದರೆ ಮುಂಬೈಗೆ ಬರುವ ಅಗತ್ಯವೇ ಇಲ್ಲದಿರಬಹುದು.

ಹೀಗೆ ಹೇಳಿದರೆ ಜೂನಿಯರ್ ಕೈಯಿಂದ ಒಂದು ಕೇಸ್ ಹೋಗುತ್ತದೆ. ಬಾಡಿಗೆ ಕಟ್ಟಬೇಕಾದ ತಿಂಗಳಲ್ಲಿ ಅದು ಸಣ್ಣ ನಷ್ಟವಲ್ಲ. ಆದರೆ ಹುಬ್ಬಳ್ಳಿಯ ಮಾಲೀಕರು ಮುಂದಿನ ಬಾರಿ ಮುಂಬೈನಲ್ಲಿ ವಕೀಲರು ಬೇಕೆಂದಾಗ ಯಾರಿಗೆ ಫೋನ್ ಮಾಡುತ್ತಾರೆ ಎಂಬುದೂ ಅಂದೇ ನಿರ್ಧಾರವಾಗಿರುತ್ತದೆ.