ಕೊರೆಯುವ ಸಣ್ಣ ದುಂಬಿಗಳು: ಗಂಡಿನ ಅಂಗಲಕ್ಷಣದಿಂದ ಪಂಗಡವನ್ನು ಗುರುತಿಸುವ ಕ್ರಮ

ರೊಬಸ್ಟಾ ಕಾಫಿಯ ಎಳೆಯ ರೆಂಬೆಗಳು ಅಲ್ಲಲ್ಲಿ ಬಾಡಿ ಒಣಗುತ್ತಿದ್ದರೆ ಅವುಗಳ ಕೆಳಮಗ್ಗುಲನ್ನು ಪರೀಕ್ಷಿಸತಕ್ಕದ್ದು. ಅಲ್ಲಿ ಗುಂಡುಸೂಜಿಯಿಂದ ಚುಚ್ಚಿದಂತಹ ರಂಧ್ರವು ಕಂಡುಬಂದರೆ ಅದು ರೆಂಬೆ ಕೊರೆಯುವ ದುಂಬಿಯ ಕೆಲಸವೆಂದು ತಿಳಿಯಬೇಕು. ಈ ಹುಳುವು ಮರವನ್ನು ತಿನ್ನುವುದಿಲ್ಲ. ಸುರಂಗದ ಗೋಡೆಯ ಮೇಲೆ ತಾನು ತಂದ ಬೂಷ್ಟನ್ನು ಬೆಳೆಸಿ ಅದನ್ನೇ ತಾನೂ ತಿಂದು ಮರಿಗಳನ್ನೂ ಸಾಕುತ್ತದೆ. 1836ರಲ್ಲಿ ಶ್ಮಿಡ್‌ಬರ್ಗರ್ ಎಂಬುವರು ಇಂತಹ ದುಂಬಿಗಳ ಆಹಾರಕ್ಕೆ ಅಮೃತವೆಂಬ ಅರ್ಥದ ‘ಆಂಬ್ರೋಸಿಯ’ ಎಂಬ ಹೆಸರನ್ನಿಟ್ಟರು. ತೋಟದ ಯಜಮಾನರಿಗೆ ಅದು ಅಮೃತವಲ್ಲವೆಂಬುದನ್ನು ಹೇಳಬೇಕಾಗಿಲ್ಲ.

ಸಾಮಾನ್ಯವಾಗಿ ರೈತರ ಕೈಗೆ ಸಿಕ್ಕುವುದು ರಂಧ್ರದಿಂದ ಹೊರಬಿದ್ದು ಹಾರುವ ಕಪ್ಪು ಹುಳು. ಅದು ಹೆಣ್ಣು, ಉದ್ದದಲ್ಲಿ ಸುಮಾರು ಒಂದು ರಾಗಿಕಾಳಿನಷ್ಟು. ಗಂಡನ್ನು ಕಾಣಬೇಕಾದರೆ ರೆಂಬೆಯನ್ನು ಉದ್ದಕ್ಕೆ ಸೀಳಬೇಕು. ಅನೇಕ ಹೆಣ್ಣುಗಳ ನಡುವೆ ಒಂದೆರಡು ಕೆಂಗಂದು ಬಣ್ಣದ, ಇನ್ನೂ ಚಿಕ್ಕದಾದ ಹುಳುಗಳು ಕಾಣುತ್ತವೆ. ಇವೇ ಗಂಡುಗಳು. ಇವುಗಳಿಗೆ ಹಾರುವ ಶಕ್ತಿಯಿಲ್ಲ; ಹುಟ್ಟಿದ ಸುರಂಗದಲ್ಲಿಯೇ ತಮ್ಮ ಒಡಹುಟ್ಟಿದ ಹೆಣ್ಣುಗಳೊಡನೆ ಕೂಡುತ್ತವೆ. ಗಂಡಿನ ಈ ವ್ಯತ್ಯಾಸವು ಹಳೆಯ ಶಾಸ್ತ್ರಜ್ಞರ ಕಣ್ಣಿಗೂ ಬಿದ್ದಿತ್ತು: ಇದೇ ಪಂಗಡದ ಯೂರೋಪಿನ ಒಂದು ಕುಲಕ್ಕೆ 1867ರಲ್ಲಿ ಇಟ್ಟ ಆನಿಸಾಂಡ್ರಸ್ ಎಂಬ ಹೆಸರಿಗೆ ‘ಅಸಮಾನ ಗಂಡು’ ಎಂದೇ ಅರ್ಥ.

ತೋಟದ ನೆರಳುಮರವನ್ನು ಕಡಿದು ಬಿಟ್ಟ ದಿಮ್ಮಿಗಳಲ್ಲಿ ಮತ್ತೊಂದು ಪಂಗಡದ ಹುಳುವಿರುತ್ತದೆ. ಇದು ಪ್ಲಾಟಿಪಸ್ ಪಂಗಡ. ದೇಹವು ನೀಳವಾಗಿ ಕೊಳವೆಯಂತಿರುತ್ತದೆ. ಇಲ್ಲಿ ರಂಧ್ರವನ್ನು ಮೊದಲು ಕೊರೆಯುವುದು ಗಂಡು. ಹೆಣ್ಣು ಆಮೇಲೆ ಬಂದು ಸೇರುತ್ತದೆ. ಈ ಗಂಡು ಕುಬ್ಜವೂ ಅಲ್ಲ, ಹಾರಲಾರದ್ದೂ ಅಲ್ಲ. ಇದರ ರೆಕ್ಕೆಗಳ ಗಟ್ಟಿ ಹೊದಿಕೆಯ ಹಿಂದುದಿಯು ಅನೇಕ ಜಾತಿಗಳಲ್ಲಿ ಮೊಟಕಾಗಿಯೋ ಮುಳ್ಳುಹಲ್ಲುಗಳಿಂದ ಕೂಡಿಯೋ ಇರುತ್ತದೆ. ಕೀಟಶಾಸ್ತ್ರಜ್ಞರು ಈ ಪಂಗಡದ ಜಾತಿಗಳನ್ನು ವಿಂಗಡಿಸುವಾಗ ಭೂತಕನ್ನಡಿಯಲ್ಲಿ ಮೊದಲು ನೋಡುವುದು ಈ ಹಿಂದುದಿಯನ್ನೇ.

ಈ ಭೇದವು ಕೇವಲ ಶಾಸ್ತ್ರದ ಮಾತಲ್ಲ. ರೆಂಬೆ ಕೊರೆಯುವ ಹೆಣ್ಣು ಹೊರಗೆ ಬರುವ ವೇಳೆಗೇ ಗರ್ಭ ಧರಿಸಿರುವುದರಿಂದ ಅಂತಹ ಒಂದೇ ಹುಳು ಹೊಸ ರೆಂಬೆಯಲ್ಲಿ ಸಂಸಾರ ಹೂಡಬಲ್ಲದು. ಆದುದರಿಂದ ಸೆಪ್ಟೆಂಬರಿನಿಂದಲೇ ತೋಟವನ್ನು ಸುತ್ತಿ, ರಂಧ್ರದಿಂದ ಎರಡು ಮೂರು ಅಂಗುಲ ಕಾಂಡದ ಕಡೆಗೆ ಬಿಟ್ಟು ರೆಂಬೆಯನ್ನು ಕತ್ತರಿಸಿ ಅಂದೇ ಸುಡತಕ್ಕದ್ದು. ಕತ್ತರಿಸಿದ್ದನ್ನು ಗಿಡದ ಬುಡದಲ್ಲಿ ರಾಶಿಹಾಕಿದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಬೇಡದ ಚಿಗುರುಗಳನ್ನೂ ತೆಗೆದು ನಾಶಪಡಿಸಬೇಕು, ನೆರಳು ಅತಿಯಾಗಿರಬಾರದು. ದಿಮ್ಮಿಯ ಹುಳುವಾದರೆ ಕಾಫಿಯ ರೆಂಬೆ ಕತ್ತರಿಸಿ ಪ್ರಯೋಜನವಿಲ್ಲ. ದಿಮ್ಮಿಯನ್ನು ಬೇಗ ಸಾಗಿಸಿ ಕೊಯ್ಯಿಸುವುದೇ ಮಾರ್ಗ.

ಸಂದೇಹವಿದ್ದಲ್ಲಿ ಸೀಳಿದ ರೆಂಬೆಯೊಳಗಿನ ಕಪ್ಪು ಹುಳುಗಳನ್ನೂ ಕೆಂಗಂದು ಹುಳುಗಳನ್ನೂ ಒಂದೇ ಸೀಸೆಯಲ್ಲಿ ಸ್ಪಿರಿಟ್ಟಿನೊಳಗೆ ಹಾಕಿ, ಗ್ರಾಮ, ಗಿಡ ಮತ್ತು ತಾರೀಖನ್ನು ಪೆನ್ಸಿಲಿನಿಂದ ಚೀಟಿಯಲ್ಲಿ ಬರೆದು ಅದರೊಳಗಿಟ್ಟು ಕೀಟತಜ್ಞರಿಗೆ ಕಳುಹಿಸಬೇಕು. ಮಸಿಯಿಂದ ಬರೆದರೆ ಸ್ಪಿರಿಟ್ಟಿನಲ್ಲಿ ಅಕ್ಷರವು ಅಳಿಸಿಹೋಗುವುದುಂಟು.