ಉಡಿದಾರಕ್ಕಿಂತ ಕೆಳಗೆ

ಹೋದ ದಸರಾ ರಜೆಯಲ್ಲಿ ಶಿರಾ ಹತ್ತಿರ ನಮ್ಮ ಸೋದರಮಾವನ ಬೈಕಿಗೆ ಟೆಂಪೋ ಗುದ್ದಿತು. ನಾನು, ಅಮ್ಮ ಹಿಂದೆಯೇ ಕಾರಿನಲ್ಲಿ ಬರ್ತಿದ್ವಿ. ಓಡಿಹೋಗಿ ನೋಡಿದ್ರೆ ಮೈಮೇಲೆ ರಕ್ತವೇ ಇಲ್ಲ. 'ಸೊಂಟ ನೋಯ್ತಿದೆ ಕಣೋ, ಎಬ್ಬಿಸಿ ಕೂರಿಸು' ಅಂದರು ಮಾವ. ಸೇರಿದ ಜನರೂ ಅದನ್ನೇ ಹೇಳಿದರು. ನಾನು ಕಂಕುಳಿಗೆ ಕೈ ಹಾಕಿಯೂ ಆಗಿತ್ತು.

'ಅಲ್ಲಾಡಿಸಬೇಡಿ!' ಬಸ್ಸಿನಿಂದ ಇಳಿದು ಬಂದ ಹೆಂಗಸೊಬ್ಬರು ಗದರಿದರು. ಆಸ್ಪತ್ರೆಯೊಂದರ ಕ್ಯಾಶುವಾಲಿಟಿಯಲ್ಲಿ ನರ್ಸ್ ಅಂತೆ. 108ಕ್ಕೆ ಫೋನ್ ಮಾಡಿಸಿ, ಕಾರಿನಲ್ಲಿದ್ದ ಅಮ್ಮನ ಬೆಡ್‌ಶೀಟ್ ತರಿಸಿಕೊಂಡರು. ಅದನ್ನು ಅಗಲಕ್ಕೆ ಮಡಚಿ, ಮಂಡಿಯ ಕೆಳಗಿನ ಸಂದಿಯಿಂದ ತೂರಿಸಿ ಮೆಲ್ಲಗೆ ಮೇಲಕ್ಕೆ ಸರಿಸಿದರು. ನಾನು ಬೆಲ್ಟಿನ ಮಟ್ಟಕ್ಕೆ ಎಳೆದೆ. 'ಅಲ್ಲಲ್ಲ, ಇನ್ನೂ ಕೆಳಗೆ' ಅಂದರು.

ನಮಗೆ ಸೊಂಟ ಅಂದ್ರೆ ಉಡಿದಾರ ಕಟ್ಟೋ ಜಾಗ. ಪಟ್ಟಿ ಬಿಗಿಯಬೇಕಾದ್ದು ಅದಕ್ಕಿಂತ ಕೆಳಗೆ, ತೊಡೆಮೂಳೆಯ ಮೇಲ್ತುದಿ ಪಕ್ಕದಲ್ಲಿ ಉಬ್ಬಿ ಕೈಗೆ ಸಿಗುತ್ತಲ್ಲ, ಅಲ್ಲಿ. ಮೇಲೆ ಕಟ್ಟಿದರೆ ಮೂಳೆ ಸರಿಯಾಗಿ ಕೂಡುವುದಿಲ್ಲ. ಆಮೇಲೆ ಎರಡೂ ಮಂಡಿ ಸೇರಿಸಿ ಅಮ್ಮನ ವೇಲಿನಿಂದ ಕಟ್ಟಿದರು.

ಆ ಗಡಿಬಿಡಿ ಯಾಕೆ ಅನ್ನೋದು ನನಗೆ ಗೊತ್ತಾಗಿದ್ದು ರಾತ್ರಿ, ಡಾಕ್ಟರ್ ಹೇಳಿದಾಗ. ಪೆಲ್ವಿಸ್ ಒಂದು ಬಳೆಯ ಹಾಗೆ. ಜೋರಾಗಿ ಪೆಟ್ಟು ಬಿದ್ದರೆ ಸಾಮಾನ್ಯವಾಗಿ ಎರಡು ಕಡೆ ಬಿಟ್ಟುಕೊಳ್ಳುತ್ತದೆ. ಹಿಂಭಾಗದ ರಕ್ತನಾಳಗಳು, ಹೆಚ್ಚಾಗಿ ಅಭಿಧಮನಿಗಳು, ಹರಿದು ಒಳಗೇ ಲೀಟರುಗಟ್ಟಲೆ ರಕ್ತ ಸೋರಬಹುದು. ದೊಡ್ಡವರ ಮೈಯಲ್ಲಿ ಇರೋದೇ ಸುಮಾರು 5 ಲೀಟರ್! ಬಳೆಯನ್ನು ಬಿಗಿದರೆ ಮೂಳೆಯ ತುದಿಗಳು ಅಲ್ಲಾಡುವುದಿಲ್ಲ, ಹೆಪ್ಪುಗಟ್ಟಿದ ರಕ್ತ ಕದಲುವುದಿಲ್ಲ. ನಮ್ಮ ಆಫೀಸಿನಲ್ಲೂ ಸರ್ವರ್ ಬಿದ್ದಾಗ ಮೊದಲು ಹಾನಿ ನಿಲ್ಲಿಸ್ತೀವಿ, ಕಾರಣ ಆಮೇಲೆ ಹುಡುಕ್ತೀವಿ.

ಆಸ್ಪತ್ರೆಯಲ್ಲಿ ಇನ್ನೊಂದು ಗಂಡಾಂತರ. ಎಕ್ಸ್‌ರೇಗೆ ಅಡ್ಡ ಬರುತ್ತೆ ಅಂತ ಒಬ್ಬ ಹುಡುಗ ಗಂಟು ಬಿಚ್ಚಲು ಹೋದ. ಹಿರಿಯ ಡಾಕ್ಟರ್ ಅವನ ಕೈ ಹಿಡಿದು ನಿಲ್ಲಿಸಿ, ಕಟ್ಟಿದ ಹಾಗೇ ಎಕ್ಸ್‌ರೇ ತೆಗೆಸಿದರು. ಬಿಪಿ ಆಗಲೇ ಇಳಿದಿತ್ತು. ರಕ್ತ ಕೊಡುತ್ತಲೇ ಆಪರೇಷನ್ ಥಿಯೇಟರಿಗೆ ಒಯ್ದರು. ಮೂಳೆಗೆ ಪಿನ್ ಹಾಕಿ ಹೊರಗಿನಿಂದ ಸರಳು ಜೋಡಿಸಿದರು. ಬೆಡ್‌ಶೀಟ್ ಬಿಚ್ಚಿದ್ದು ಆಗಲೇ. ಪ್ಲೇಟ್ ಹಾಕಿದ್ದು ವಾರದ ಮೇಲೆ.

ನಾಲ್ಕು ತಿಂಗಳಿಗೆ ಮಾವ ವಾಕರ್ ಬಿಟ್ಟರು. ಆ ನರ್ಸ್ ಯಾರು, ಯಾವ ಊರು, ಕೇಳಲೇ ಇಲ್ಲ. ಬಸ್ಸು ಹಾರ್ನ್ ಹೊಡೀತಿತ್ತು, ಹತ್ತಿ ಹೋಗಿಬಿಟ್ಟರು. ಅಮ್ಮ ಈಗ ಕಾರಿನಲ್ಲಿ ಎರಡು ಬೆಡ್‌ಶೀಟ್ ಇಡ್ತಾರೆ.