ಎಷ್ಟು ದೂರ? ಮನೋರೋಗ ಮತ್ತು ಸಾಮಾಜಿಕ ಅಂತರದ ಅಳತೆ

ಮನೋರೋಗಿಗಳ ಬಗ್ಗೆ ಜನರ ಧೋರಣೆ ಅಳೆಯಲು ಸಮಾಜಶಾಸ್ತ್ರಜ್ಞರು ಹೆಚ್ಚಾಗಿ ಬಳಸುವುದು ‘ಸಾಮಾಜಿಕ ಅಂತರ’ದ, ಅಂದರೆ ಒಬ್ಬರನ್ನು ಎಷ್ಟು ಹತ್ತಿರ ಬಿಟ್ಟುಕೊಳ್ಳಲು ಒಪ್ಪುತ್ತೇವೆ ಎಂಬುದರ ಮಾಪಕವನ್ನು. ಅಮೆರಿಕದ ಸಮಾಜಶಾಸ್ತ್ರಜ್ಞ ಎಮೊರಿ ಬೊಗಾರ್ಡಸ್ 1925ರಲ್ಲಿ ಇದನ್ನು ಪ್ರಕಟಿಸಿದ್ದು ಜನಾಂಗೀಯ ಪೂರ್ವಗ್ರಹ ತಿಳಿಯಲು. ಮನೋರೋಗದ ಅಧ್ಯಯನಕ್ಕೆ ಅದು ಬಂದದ್ದು ಆಮೇಲೆ.

‘ನಿಮ್ಮಲ್ಲಿ ತಾರತಮ್ಯ ಇದೆಯೇ’ ಎಂದು ನೇರವಾಗಿ ಕೇಳಿದರೆ ಹೌದೆನ್ನುವವರು ಕಡಿಮೆ. ಅಲ್ಲಿ ಕೆಲಸಕ್ಕೆ ಬರುವುದು ಪುಟ್ಟ ಕಥೆ. 1950ರ ಸುಮಾರಿಗೆ ಸಂಶೋಧಕಿ ಷರ್ಲಿ ಸ್ಟಾರ್ ಬಳಸಿದ ವಿಧಾನವಿದು: ರೋಗದ ಹೆಸರು ಹೇಳದೆ, ಒಬ್ಬ ವ್ಯಕ್ತಿಯ ವರ್ತನೆಯನ್ನಷ್ಟೇ ವಿವರಿಸುವುದು. ನಂತರದ ಸಮೀಕ್ಷೆಗಳು ಅದಕ್ಕೆ ಅಂತರದ ಪ್ರಶ್ನೆಗಳನ್ನು ಜೋಡಿಸಿದವು. ಇಂಥವರು ಪಕ್ಕದ ಮನೆಗೆ ಬಂದರೆ ಆದೀತೇ? ಜೊತೆಯಲ್ಲಿ ಕೆಲಸ ಮಾಡಿದರೆ? ಸೊಸೆಯಾಗಿಯೋ ಅಳಿಯನಾಗಿಯೋ ಬಂದರೆ? ನೆರೆಹೊರೆಗೆ ಒಪ್ಪಿದ ಎಷ್ಟೋ ಜನ ನೆಂಟಸ್ತನದ ಮಾತು ಬಂದಾಗ ಹಿಂದೆ ಸರಿಯುತ್ತಾರೆ.

ಅಮೆರಿಕದ ಜನರಲ್ ಸೋಷಿಯಲ್ ಸರ್ವೆ 1996 ಮತ್ತು 2006ರಲ್ಲಿ ಇಂಥ ಕಥೆಗಳನ್ನೇ ಜನರ ಮುಂದಿಟ್ಟಿತು. ಆ ಹತ್ತು ವರ್ಷದಲ್ಲಿ ‘ಇದು ಮಿದುಳಿನ ಕಾಯಿಲೆ’ ಎನ್ನುವವರು ಹೆಚ್ಚಾದರು. ದೂರ ಮಾತ್ರ ತಗ್ಗಲಿಲ್ಲ. ತಿಳಿವಳಿಕೆ ಕೊಟ್ಟರೆ ಸಾಕು ಎಂದು ನಂಬಿದ್ದವರಿಗೆ ಇದು ಕಹಿ ಫಲಿತಾಂಶವೇ. 2018ರ ಸುತ್ತಿನಲ್ಲಿ ಖಿನ್ನತೆಯ ಮಟ್ಟಿಗೆ ಅಂತರ ಕಡಿಮೆಯಾಯಿತು. ಸ್ಕಿಜೋಫ್ರೇನಿಯಾ ಇರುವವರು ಅಪಾಯಕಾರಿ ಎಂಬ ಭಾವನೆ ಮಾತ್ರ ಮೊದಲಿಗಿಂತ ಹೆಚ್ಚಿತ್ತು.